ಮಾದೇವಕ್ಕನ ಮಾತಿಗೆ ಬಂದ ತಂತಿ

ಬೆಳಿಗ್ಗೆ ಕಾಫಿ ಲೋಟ ಹಿಡಿದು ಜಗಲಿಗೆ ಬಂದರೆ ಹಸಿ ಕಬ್ಬಿನ ವಾಸನೆ ಮೂಗಿಗೆ ಬಡಿಯಿತು. ಈ ವರ್ಷದ ಕಟಾವು ಶುರುವಾಗಿದೆ. ಕುಂತೂರಿನ ಫ್ಯಾಕ್ಟರಿಗೆ ಹೊರಟ ಟ್ರ್ಯಾಕ್ಟರೊಂದು ನಮ್ಮ ಬೀದಿಯ ತಿರುವಿನಲ್ಲಿ ಗುಡುಗಿದ್ದೇ ತಡ, ನಾನು ಲೋಟ ಕೆಳಗಿಟ್ಟು, ಬಾಗಿಲ ಮೂಲೆಯ ಕವೆಗೋಲು ಹಿಡಿದು ಬೀದಿಗೆ ಓಡಿದೆ. ಹೊಸಬರು ಯಾರಾದರೂ ನೋಡಿದ್ದರೆ ಕೋತಿ ಓಡಿಸುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಅಲ್ಲ ಸ್ವಾಮಿ, ನಾನು ನಮ್ಮ ಮನೆಯ ಇಂಟರ್ನೆಟ್ ಕಾಯಲು ಹೋಗಿದ್ದೆ. ಸ್ವಲ್ಪ ಕೂತುಕೊಳ್ಳಿ, ಹೇಳುತ್ತೇನೆ.

ನನ್ನ ಅಕ್ಕ ಮಾದೇವಿಗೆ ಹುಟ್ಟಿನಿಂದ ಕಿವಿ ಕೇಳದು, ಬಾಯಲ್ಲಿ ಮಾತು ಬಾರದು. ಹಾಗಂತ ಅವಳನ್ನು ಮೌನಿ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿ ಅವಳಷ್ಟು ಮಾತಾಡುವವರು ಇನ್ನೊಬ್ಬರಿಲ್ಲ, ಎಲ್ಲ ಕೈಯಲ್ಲೇ. ಅವಳೂ ಅವ್ವನೂ ಸೇರಿ ಒಲೆ ಮುಂದೆ ಕೂತು ಕಟ್ಟಿಕೊಂಡ ಭಾಷೆ ಅದು, ಯಾವ ಶಾಲೆಯದೂ ಅಲ್ಲ. ಮೂಗುತಿ ಮುಟ್ಟಿದರೆ ಅವ್ವ. ಹೊಗೆಯಂತೆ ಬೆರಳು ಸುತ್ತಿಸಿ ಮೇಲಕ್ಕೆತ್ತಿದರೆ ಫ್ಯಾಕ್ಟರಿ. ಎರಡೂ ಕಿವಿ ಹಿಡಿದು ಅಗಲಿಸಿದರೆ ನಾನು. ನನ್ನ ಕಿವಿ ಅಷ್ಟೇನೂ ದೊಡ್ಡದಲ್ಲ ಎಂದು ಎಷ್ಟೋ ವಾದಿಸಿದ್ದೇನೆ. ಹೆಸರು ಮಾತ್ರ ಬದಲಾಗಲಿಲ್ಲ.

ಅಕ್ಕನನ್ನು ಮಾರ್ಟಳ್ಳಿಗೆ ಕೊಟ್ಟೆವು. ಕೊಳ್ಳೇಗಾಲ, ಹನೂರು ಎಂದು ಬಸ್ಸು ಬದಲಿಸಿ ಒಂದು ಸಲ ಹೋಗಿ ಬರುವಷ್ಟರಲ್ಲಿ ಅವ್ವನ ಸೊಂಟ ಹಿಡಿದುಕೊಂಡಿತು, ಮತ್ತೆ ಅವಳಿಂದ ಹೋಗಲಾಗಲಿಲ್ಲ. ಫೋನು ಇತ್ತಲ್ಲ ಅನ್ನುತ್ತೀರಿ. ಫೋನಿನಲ್ಲಿ ಮಾತಾಡುತ್ತಿದ್ದವರು ಭಾವ. ಬಂಗಾರದಂಥ ಮನುಷ್ಯ, ಆದರೆ ಮಾತಿನಲ್ಲಿ ಮಹಾ ಜಿಪುಣ.

"ಚೆಂದಾಗವ್ಳೆ ಕನತ್ತೆ."

ಹನ್ನೊಂದು ವರ್ಷ ಅವ್ವನಿಗೆ ಸಿಕ್ಕ ಸುದ್ದಿ ಇಷ್ಟೇ. ಫೋನು ಇಟ್ಟ ಮೇಲೆ ಅವಳು ನನ್ನ ಮೇಲೆ ರೇಗುತ್ತಿದ್ದಳು: "ಚೆಂದಾಗವ್ಳೆ ಅಂತ ಅವ್ನಂದ. ಅವ್ಳು ಏನಂತಾಳೆ ಅಂತ ನಂಗ್ ಗೊತ್ತಾಗ್ಬೇಕಲ್ಲ?"

ವಿಡಿಯೋ ಕಾಲ್ ಬಂದಾಗ ನಮ್ಮ ಕಷ್ಟ ಕಳೆಯಿತು ಅಂದುಕೊಂಡೆ. ಅಕ್ಕನ ಮನೆ ಎದುರಿಗೇ ಟವರು, ಅವಳ ಕಡೆ ತೊಂದರೆಯಿಲ್ಲ. ನಮ್ಮ ಮನೆ ಇರುವುದು ಕೆರೆ ಏರಿಯ ಕೆಳಗಿನ ತಗ್ಗಿನಲ್ಲಿ. ಅಕ್ಕ ಏನೋ ಹೇಳಲು ಕೈ ಎತ್ತುವಳು, ಚಿತ್ರ ಅಲ್ಲೇ ನಿಂತುಬಿಡುವುದು. "ಎತ್ತಿದ್ ಕೈ ಇಳಿಸ್ತಾನೇ ಇಲ್ಲ ಕಣ್ಲಾ" ಎಂದು ಅವ್ವ ಸೆರಗಿನಿಂದ ಫೋನಿನ ಗಾಜು ಒರೆಸಿ ಒರೆಸಿ ನೋಡುತ್ತಿದ್ದಳು.

ಹೋದ ವರ್ಷ ಊರಿಗೆ ಫೈಬರ್ ತಂತಿ ಬಂತು. ಅದನ್ನು ಮನೆಮನೆಗೆ ಎಳೆಯುವವನು ಕೇಬಲ್ ಸ್ವಾಮಿ. ಕೇಳಿದಾಗಲೆಲ್ಲ "ನಾಳೀಕ ಬತ್ತೀನಿ ಸಾ" ಎನ್ನುತ್ತಿದ್ದ. ಅಂತೂ ಅವನ ನಾಳೆ ಒಂದು ದಿನ ಬಂತು. ಬೀದಿಯಾಚೆಯ ಕಂಬದಿಂದ ನಮ್ಮ ಸೂರಿಗೆ ಕಪ್ಪನೆಯ ತೆಳು ತಂತಿ ಹಾಯಿತು, ಗೋಡೆಗೊಂದು ಬಿಳಿ ಡಬ್ಬ ಕೂತಿತು, ಅದರಲ್ಲಿ ಹಸಿರು ದೀಪ ಹತ್ತಿತು. ನನಗೆ ಕುಣಿಯುವಷ್ಟು ಖುಷಿ. ಐದು ಗಂಟೆಗೆ ಅಕ್ಕನಿಗೆ ಫೋನು ಎಂದು ಅವ್ವ ತಲೆ ಬಾಚಿಕೊಂಡು, ಪೆಟ್ಟಿಗೆಯಲ್ಲಿದ್ದ ಹೊಸ ಸೀರೆ ಉಟ್ಟು ಕೂತಳು.

ನಾಲ್ಕೂವರೆಗೆ ಕಬ್ಬಿನ ಟ್ರ್ಯಾಕ್ಟರು ಬಂತು. ಬೆಟ್ಟದೆತ್ತರ ಹೇರಿದ್ದ ಕಬ್ಬು ತಂತಿಗೆ ಸಿಕ್ಕಿಕೊಂಡಿತು, ತಂತಿ ತುಂಡಾಯಿತು. ಡಬ್ಬದಲ್ಲಿ ಕೆಂಪು ದೀಪ.

ಮೇಲೆ ಕೂತಿದ್ದ ಕಬ್ಬು ಕಡಿಯುವಾತ ಒಳ್ಳೆಯವನು. ಅಯ್ಯೋ ಅಂದವನೇ ಧುಮುಕಿ, ಹೊರೆ ಕಟ್ಟುವಂತೆ ಕಬ್ಬಿನ ಸೋಗೆ ಹೊಸೆದು, ಎರಡು ತುದಿಗಳನ್ನೂ ಸೇರಿಸಿ ಬಿಗಿದ. "ಗಟ್ಯಾಗಿ ಕಟ್ಟಿವ್ನಿ ಸಾ, ಎತ್ತು ಕಟ್ಟಿ ಎಳದ್ರೂ ಬಿಚ್ಚಾಕಿಲ್ಲ!" ನಾನು ಡಿಗ್ರಿ ಓದಿದವನು, ಫ್ಯಾಕ್ಟರಿಯಲ್ಲಿ ಗುಮಾಸ್ತ. ಆದರೂ ಒಳಗೆ ಓಡಿ, ದೀಪ ಹಸಿರಾಯಿತೇ ಎಂದು ನೋಡಿದೆ. ಈ ಮಾತು ನಮ್ಮೊಳಗೇ ಇರಲಿ.

ಎರಡು ದಿನ ಬಿಟ್ಟು ಬಂದ ಸ್ವಾಮಿ ಆ ಗಂಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಒಳಗಿರೋದು ಗಾಜಿನ ಎಳ ಸಾ, ಕೂದಲಿನಂಗ. ಸೋಗ ಕಟ್ಟಿದ್ರ ಬೆಳಕು ಹಾಯ್ತದಾ?" ಮಿಷಿನ್ನಿನಲ್ಲಿ ಎಳೆ ಬೆಸೆದುಕೊಟ್ಟ. ಇಳಿಯುವಾಗ ಹೇಳಿದ: "ಕಂಬ ಗಿಡ್ಡ ಅದ. ನಾಳ ಇನ್ನೊಂದು ಲೋಡ್ ಬಂದ್ರ ಮತ್ತ ಇದೇ ಕತ. ಕಬ್ಬಿನ ಕಾಲ ಮುಗೀಲಿ, ಎತ್ರದ ಕಂಬ ನೆಡುವ."

"ಹನ್ನೊಂದ್ ವರ್ಸ ಕಾದಿವ್ನಿ ಕಣಪ್ಪ, ಇನ್ನೆಷ್ಟ್ ಕಾಯನ?" ಎಂದು ಅವ್ವ ಹಿತ್ತಲಿಗೆ ಹೋಗಿ, ನುಗ್ಗೆಕಾಯಿ ಕೀಳುವ ಕವೆಗೋಲು ತಂದಳು. ಟ್ರ್ಯಾಕ್ಟರು ಬಂದಾಗ ಬೀದಿ ನಡುವೆ ನಿಂತು ಕೈ ಅಡ್ಡ ಹಿಡಿದಳು, ಕೋಲಿನಿಂದ ತಂತಿ ಎತ್ತಿದಳು, ಆಮೇಲೆ "ಓಗು" ಅಂದಳು. ಡ್ರೈವರು ಮೆಲ್ಲಗೆ ಗಾಡಿ ದಾಟಿಸಿದ. ವಾರದೊಳಗೆ ಎದುರು ಮನೆಯವರು, ಪಕ್ಕದ ಮನೆಯವರು ಎಲ್ಲ ಸರದಿಯ ಮೇಲೆ ಕೋಲು ಹಿಡಿಯತೊಡಗಿದರು. ಸ್ವಾಮಿಯ ಎತ್ತರದ ಕಂಬ ಇವತ್ತಿಗೂ ನಾಳೆಯಲ್ಲೇ ಇದೆ.

ತಂತಿ ಬೆಸೆದ ಆ ಸಂಜೆಯೇ ಫೋನು ಮಾಡಿದೆವು. ಅಕ್ಕನ ಮುಖ ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳ. ಎತ್ತಿದ ಕೈ ಇಳಿಯಿತು, ತಿರುಗಿತು, ಮತ್ತೆ ಎದ್ದಿತು! ನಾನು ಚಪ್ಪಾಳೆ ತಟ್ಟಿಬಿಟ್ಟೆ. ಚೆನ್ನಾಗಿದ್ದೀಯಾ ಎಂದು ಅವ್ವ ಕೈಯಲ್ಲಿ ಕೇಳಿದಳು.

ಅಕ್ಕ ತಲೆಯಾಡಿಸಿದಳು. ಇಲ್ಲ.

ಅಕ್ಕನ ಕೈ ನಿಧಾನವಾಗಿ ಹೇಳಿತು: ಎಲ್ಲರೂ ಒಳ್ಳೆಯವರು, ಊಟಕ್ಕೆ ಬಟ್ಟೆಗೆ ಕಡಿಮೆಯಿಲ್ಲ. ಬಾ, ಹೋಗು, ಉಣ್ಣು, ಇಷ್ಟೇ ಇಲ್ಲಿ ಇವರಿಗೆ ಬರುವುದು. ನನ್ನ ಜೊತೆ ಮಾತಾಡುವವರು ಯಾರೂ ಇಲ್ಲ.

ಅವ್ವ ನನ್ನ ಕಡೆ ತಿರುಗಿ, "ನಿಮ್ ಭಾವನ ಕರೀಲಾ" ಅಂದಳು. ಭಾವ ಅಕ್ಕನ ಪಕ್ಕ ಬಂದು ಅಪರಾಧಿಯಂತೆ ಕೂತರು. ಅವ್ವ ಬಯ್ಯಲಿಲ್ಲ. "ದಿನಾ ಆರ್ ಗಂಟ್ಗೆ ಕೂತ್ಕಳಪ್ಪ, ನಾನ್ ಕಲಿಸ್ತೀನಿ" ಅಂದಳು.

ಒಂದು ವರ್ಷದಿಂದ ಆ ಪಾಠ ನಡೆದಿದೆ. ಭಾವನ ಬೆರಳು ಒರಟು, ತಪ್ಪು ಬಹಳ. ಆದರೂ ಅವರು ಒಂದು ದಿನವೂ ತಪ್ಪಿಸಿಲ್ಲ. ಇವತ್ತು ಸಂಜೆ ಫೋನು ಹಚ್ಚಿದಾಗ ಇಬ್ಬರೂ ನಮ್ಮ ಕಡೆ ನೋಡಲೇ ಇಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಭಾವನ ಕೈ, ಹೆಚ್ಚಾಗಿಲ್ಲವೆಂದು ಅಕ್ಕನ ಕೈ, ಒಂದರ ಮೇಲೊಂದು ಬೀಳುತ್ತಿದ್ದವು. ಅಕ್ಕನ ಮುಖದಲ್ಲಿ ಅಂಥ ಕಳೆಯನ್ನು ಅವಳ ಮದುವೆಯ ದಿನವೂ ನಾನು ಕಂಡಿರಲಿಲ್ಲ.

ಅವ್ವ ಕಣ್ಣೊರೆಸಿಕೊಂಡು ನನ್ನ ತೋಳು ಹಿಡಿದಳು. "ನೋಡ್ಲಾ, ಜಗಳ ಆಡ್ತಾವ್ರೆ!"