ಖಾಲಿ ಕರಡಿಗೆ

ಮೊನ್ನೆ ಬೆಳಿಗ್ಗೆ ವಿಭೂತಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹಿತ್ತಿಲ ಕಡೆ ಜಾರಿಕೊಳ್ಳಲು ನೋಡಿದೆ. ನಗಬೇಡಿ. ವಿಭೂತಿಗೆ ಹೆದರುವ ಲಿಂಗವಂತನನ್ನು ನೀವು ನೋಡಿರಲಿಕ್ಕಿಲ್ಲ. ನಮ್ಮ ಧರ್ಮಪುರದಲ್ಲಿ ಒಬ್ಬನಿದ್ದಾನೆ, ನಾನೇ. ಅವ್ವ ದೇವರ ಕೋಣೆಯಿಂದಲೇ ಹೇಳಿದಳು: "ಸೋಮವಾರ ಮಠದಿಂದ ಅಯ್ಯನೋರು ಬರ್ತಾರೆ. ಎಲ್ಲಾರ ಲಿಂಗಕ್ಕೂ ಹೊಸ ಕಂತಿ ಕಟ್ಟಿಸಾಣ. ನಿಂದೂ ತೆಗೆದಿಡಪ್ಪ." ಕಂತಿ ಎಂದರೆ ಇಷ್ಟಲಿಂಗದ ಮೇಲಿನ ಕಪ್ಪು ಲೇಪ. ನನ್ನ ಕೊರಳಲ್ಲಿ ಶಿವದಾರವಿದೆ, ದಾರಕ್ಕೆ ಬೆಳ್ಳಿಯ ಕರಡಿಗೆಯಿದೆ. ಕರಡಿಗೆಯೊಳಗೆ ಲಿಂಗವಿಲ್ಲ. ಎರಡು ವರ್ಷದಿಂದ ಇಲ್ಲ.

ನಾನು ಇಂಗ್ಲಿಷ್ ಮೇಷ್ಟ್ರಾಗಿ ಥಾಯ್ಲೆಂಡಿಗೆ ಹೊರಟಾಗ ಹಿರಿಯೂರಿನ ಬಸ್ ಸ್ಟ್ಯಾಂಡಿನವರೆಗೆ ಬಂದವರೆಲ್ಲ ಅಲ್ಲಿ ಊಟಕ್ಕೇನು ಎಂದು ಕೇಳಿದ್ದೇ ಕೇಳಿದ್ದು. ಅವ್ವ ಮಾತ್ರ ಊಟದ ಸುದ್ದಿಯೇ ಎತ್ತಲಿಲ್ಲ. ಲಿಂಗ ಮೈ ಬಿಡಬಾರದು, ಪರರ ಕೈಗೆ ಹೋಗಬಾರದು, ಅಷ್ಟೇ ಅಂದಳು. ನಾನು ಹೂಂ ಅಂದೆ. ಬಸ್ಸು ಹೊರಡುವಾಗ ಯಾರು ಏನು ಹೇಳಿದರೂ ಹೂಂ ಅನ್ನುವ ಜಾಯಮಾನ ನನ್ನದು.

ಅಲ್ಲಿ ಬದುಕು ಚೆನ್ನಾಗಿಯೇ ಇತ್ತು. ಪುಟ್ಟ ಊರು, ನನ್ನನ್ನು ಕಂಡರೆ ಕೈಮುಗಿಯುವ ಮಕ್ಕಳು. ರಜೆ ಬಂದರೆ ಬೆನ್ನಿಗೊಂದು ಚೀಲ ಹಾಕಿಕೊಂಡು ಬಸ್ಸಿನಲ್ಲಿ ದೇಶದಿಂದ ದೇಶಕ್ಕೆ. ಹೊಸದುರ್ಗಕ್ಕೆ ಹೋಗುವುದಕ್ಕೂ ಎರಡು ಸಲ ಯೋಚಿಸುತ್ತಿದ್ದವನಿಗೆ ಪಾಸ್‌ಪೋರ್ಟಿನ ಒಂದೊಂದು ಮುದ್ರೆಯೂ ಕೊಂಬು ಮೂಡಿಸುತ್ತಿತ್ತು.

ಅಂಥ ಒಂದು ಗಡಿಯಲ್ಲಿ, ಹೆಸರು ಬೇಡ, ತಪಾಸಣೆಯ ಯಂತ್ರ ಕೀಂ ಎಂದಿತು. ಕಾವಲಿನವನು ಅಂಗಿಯೊಳಗಿಂದ ಕರಡಿಗೆ ತೆಗೆಸಿದ, ಹೆಬ್ಬೆರಳಿಂದ ಮುಚ್ಚಳ ಎಬ್ಬಿಸಿದ. ಒಳಗೆ ಕಪ್ಪಗೆ ಗುಂಡಗೆ ನುಣ್ಣಗಿದ್ದದ್ದನ್ನು ಮೂಸಿ ನೋಡಿ ಇನ್ನೊಬ್ಬನನ್ನು ಕರೆದ. ಅವನು ನಾಯಿಯನ್ನೂ ಚಾಕುವನ್ನೂ ತಂದ. ಗೋಡೆಯ ಮೇಲೆ ಮಾದಕ ವಸ್ತು ತಂದವರಿಗೆ ಯಾವ ಶಿಕ್ಷೆ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ವ್ಯಾಕರಣ ತಪ್ಪಿತ್ತು, ಅರ್ಥ ತಪ್ಪಿರಲಿಲ್ಲ.

ಕರಡಿಗೆಯೊಳಗಿನ ಕಪ್ಪು ಗುಂಡನ್ನು ಎತ್ತಿ ಹಿಡಿದು, ಇದು ನಿನ್ನದಾ ಎಂದು ಕಾವಲಿನವನು ಕೇಳಿದ. ಒಂದನೇ ತರಗತಿಯ ಮಕ್ಕಳಿಗೆ ದಿನವೂ ಪೆನ್ಸಿಲ್ ಎತ್ತಿ ತೋರಿಸಿ ನಾನು ಬಾಯಿಪಾಠ ಮಾಡಿಸುತ್ತಿದ್ದ ಪ್ರಶ್ನೆ ಅದು. ಉತ್ತರವೂ ಗೊತ್ತಿತ್ತು. ನಾನು ಅಂದೆ: "ನನ್ನದಲ್ಲ."

ಚಾಕುವಿನಲ್ಲಿ ಕೆರೆದರು. ಕಪ್ಪು ಉದುರಿ ಒಳಗಿನ ಕಲ್ಲು ಕಂಡಿತು. ಇಬ್ಬರೂ ನಕ್ಕರು. ನನ್ನದಲ್ಲ ಅಂದೆನಲ್ಲ, ಹಾಗಾಗಿ ಬೆಳ್ಳಿಯನ್ನು ನನ್ನ ಕೈಗಿಟ್ಟು ಕಲ್ಲನ್ನು ಕಸದ ಬುಟ್ಟಿಗೆ ಎಸೆದರು. ಆಗಲಾದರೂ ನನ್ನದೇ ಅನ್ನಬಹುದಿತ್ತು. ಮಾತು ಬದಲಿಸಿದರೆ ಮತ್ತೆ ಕೂರಿಸಿಕೊಂಡಾರು ಎಂಬ ಹೆದರಿಕೆ. ಹೊರಗೆ ಬಸ್ಸಿನವನು ಹಾರ್ನ್ ಒತ್ತುತ್ತಿದ್ದ. ನಡೆದುಬಿಟ್ಟೆ. ಲಿಂಗ ಕಳೆದುಕೊಂಡವರು ಪ್ರಾಣವನ್ನೇ ಬಿಡುತ್ತಿದ್ದರಂತೆ ಎಂದು ಅಜ್ಜಿ ಹೇಳುತ್ತಿದ್ದಳು. ನಾನು ಬಸ್ಸಿನಲ್ಲಿ ಕೂತು ಎರಡು ಬಾಳೆಹಣ್ಣು ತಿಂದೆ.

ಊರಿಗೆ ಬಂದ ಮೇಲೆ ದಿನವೂ ನಾಟಕ. ಸ್ನಾನ ಮಾಡಿ, ಬಾಗಿಲಿಗೆ ಬೆನ್ನು ಹಾಕಿ ಕೂತು, ಖಾಲಿ ಅಂಗೈಗೆ ಪತ್ರೆ ಏರಿಸುವುದು. ಹಿಂದೆ ಅವ್ವನ ಹೆಜ್ಜೆ ಸಪ್ಪಳವಾದರೆ ಅಂಗೈ ಮುಚ್ಚಿಕೊಂಡು ಮಂತ್ರವನ್ನು ಇನ್ನಷ್ಟು ಜೋರಾಗಿ ಹೇಳುತ್ತಿದ್ದೆ. ಗಡಿಯ ನಾಯಿಗೂ ನಾನು ಅಷ್ಟು ಹೆದರಿರಲಿಲ್ಲ.

ಸೋಮವಾರದ ಮಾತು ಕೇಳಿದ ಮೇಲೆ ದಾರಿ ಉಳಿಯಲಿಲ್ಲ. ದಾರ ಬಿಚ್ಚಿ ಕರಡಿಗೆಯನ್ನು ಅವ್ವನ ಕೈಯಲ್ಲಿಟ್ಟೆ. ತೆರೆದು ನೋಡಿದಳು. ಎಲ್ಲ ಹೇಳಿದೆ, ನನ್ನದಲ್ಲ ಅಂದದ್ದನ್ನೂ ಬಿಡದೆ ಹೇಳಿದೆ. ಅಳುತ್ತಾಳೆ, ಬೈಯುತ್ತಾಳೆ ಎಂದು ತಲೆ ಬಗ್ಗಿಸಿ ಕೂತಿದ್ದೆ. ಅವಳು ಕೇಳಿದ್ದು ಇಷ್ಟೇ:

"ಅವ್ರು ಹೊಡೆದ್ರೇನಪ್ಪ?"

ಇಲ್ಲ ಎಂದೆ. ಆಮೇಲೆ ಅತ್ತವನು ನಾನು. ಅವ್ವ ಕರಡಿಗೆಯನ್ನು ಸೆರಗಿನಿಂದ ಒರೆಸಿದಳು. ಅಯ್ಯನೋರ ಹತ್ತಿರ ಹೊಸ ಲಿಂಗ ಕೇಳೋಣ, ಆದರೆ ಯಾಕೆ ಬೇಕು ಅನ್ನುವುದನ್ನು ನೀನೇ ಹೇಳಬೇಕು, ಕಳೆದುಹೋಯಿತು ಅಂತ ಮಾತ್ರ ಹೇಳಬೇಡ ಅಂದಳು.

ನಾಳೆ ಸೋಮವಾರ. ಬೆಳಿಗ್ಗೆಯಿಂದ ಬರಿಗೊರಳಲ್ಲಿ ಕೂತು ಹೇಳಬೇಕಾದದ್ದನ್ನು ಉರು ಹೊಡೆಯುತ್ತಿದ್ದೇನೆ. ಅವ್ವ ಎದುರಿಗೆ ಕಡ್ಲೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದಾಳೆ. ಅದು ನಂದೇ ಅಯ್ಯನೋರೆ, ಹೆದರಿ ನಂದಲ್ಲ ಅಂದುಬಿಟ್ಟೆ, ಎನ್ನುವಲ್ಲಿಗೆ ಬಂದಾಗಲೆಲ್ಲ ನನ್ನ ದನಿ ನಡುಗುತ್ತದೆ.

"ನಡುಗಲಿ ಬಿಡು," ಎನ್ನುತ್ತಾಳೆ ಅವ್ವ. "ನಂದೇ ಅನ್ನೋದನ್ನ ಮಾತ್ರ ನುಂಗಬ್ಯಾಡ."