ಕಾಣದ ಹಾಗೆ ಬಣ್ಣ ಬಳಿದ ಕದಿರಪ್ಪ

ರಾಬರ್ಟ್‌ಸನ್‌ಪೇಟೆಯ ಮಾರುಕಟ್ಟೆಯಲ್ಲಿ ಒಂದು ಕಾಲಕ್ಕೆ ಎತ್ತ ತಿರುಗಿದರೂ ನನ್ನ ತಾತ ಕದಿರಪ್ಪನೇ ಕಾಣುತ್ತಿದ್ದ. ಅವನಲ್ಲ, ಅವನ ಅಕ್ಷರ. ಬಟ್ಟೆ ಅಂಗಡಿ, ಸೈಕಲ್ ಶಾಪು, ಹಲ್ಲಿನ ಡಾಕ್ಟರು, ಸೋಡಾ ಫ್ಯಾಕ್ಟರಿ, ಎಲ್ಲದರ ಬೋರ್ಡೂ ಅವನ ಕೈಯದು. ಮೇಲೆ ಕನ್ನಡ, ಕೆಳಗೆ ತಮಿಳು, ಪಕ್ಕದಲ್ಲಿ ಇಂಗ್ಲಿಷು. ಓದಲು ಬರುತ್ತಿದ್ದದ್ದು ಕನ್ನಡ ಮಾತ್ರ, ಉಳಿದೆರಡನ್ನು ನವಿಲು, ಕಮಲ ಬರೆದ ಹಾಗೆ ಬರೆದುಬಿಡುತ್ತಿದ್ದ. ಕೆಂಪು ಅಕ್ಷರ, ಅದರ ಸುತ್ತ ಹಳದಿ ಗೆರೆ, ಹಿಂದೆ ಕಪ್ಪು ನೆರಳು. ಆ ಹಳದಿ ಗೆರೆ ಎಳೆದು ಮುಗಿಸುವವರೆಗೂ ಅವನಿಗೆ ಊಟ ರುಚಿಸುತ್ತಿರಲಿಲ್ಲವಂತೆ.

"ಅಕ್ಸರ ಸುಮ್ಕೆ ಕುಂತ್ಕೋಬಾರ್ದು ಕಣ್ಲಾ. ಓಡೋ ಬಸ್ಸಲ್ಲಿರೋನ್ನ ಕೊಳ್ಪಟ್ಟಿ ಇಡ್ದು ಎಳೀಬೇಕು," ಅನ್ನುತ್ತಿದ್ದ.

ಇಂಥವನು ಎಂಬತ್ತರ ದಶಕದ ಕೊನೆಯಲ್ಲಿ ಏಣಿ ಇಳಿದು, ಸೇನೆಗೆ ಗಾಡಿ ತಯಾರಿಸುವ ನಮ್ಮೂರ ಕಾರ್ಖಾನೆಯ ಪೇಂಟ್ ಶಾಪು ಸೇರಿದ. ಅಜ್ಜಿ ಮಂಗಮ್ಮ ಬಸುರಿ. ಹೊಟ್ಟೆಯಲ್ಲಿದ್ದದ್ದು ನಮ್ಮಮ್ಮ. ಅಜ್ಜಿಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಕಾರ್ಖಾನೆಯಲ್ಲಿ ಕೆಲಸ ಕಾಯಂ ಆದರೆ ಹೆರಿಗೆ ಅವರ ಆಸ್ಪತ್ರೆಯಲ್ಲೇ ಆಗುತ್ತದೆ, ಡಾಕ್ಟರಮ್ಮ ಪಕ್ಕದಲ್ಲೇ ಇರುತ್ತಾಳೆ ಅನ್ನುವ ಒಂದೇ ಆಸೆ ತಾತನಿಗೆ. ಕಾಯಂ ಆಗಬೇಕಾದರೆ ಅವನು ಬಣ್ಣ ಬಳಿದ ಮೊದಲ ಗಾಡಿ ಪರೀಕ್ಷೆಯಲ್ಲಿ ಪಾಸಾಗಬೇಕಿತ್ತು.

ಆ ಗಾಡಿಯನ್ನು ತಾತ ಕಥೆಯಲ್ಲಿ ಹೇಳುತ್ತಿದ್ದದ್ದೇ ಬೇರೆ ಥರ. ಮಲಗಿರುವ ಆನೆ, ಅದಕ್ಕೆ ಎಂಟು ಚಕ್ರ, ಬೆನ್ನ ಮೇಲೆ ಉದ್ದನೆಯ ತೊಟ್ಟಿಲು. ಆ ತೊಟ್ಟಿಲಲ್ಲಿ ಮಲಗುವುದು ಕ್ಷಿಪಣಿ. ದೇಶಕ್ಕೆ ಆಗ ಹೊಸ ಹಡಗು, ಹೊಸ ಯುದ್ಧ ವಿಮಾನ, ಹೊಸ ಕ್ಷಿಪಣಿ ಎಲ್ಲ ಒಟ್ಟೊಟ್ಟಿಗೆ ಬರುತ್ತಿದ್ದ ಕಾಲ. ಪೇಪರಿನಲ್ಲಿ ದಿನಾ ಚಿತ್ರ. ಕ್ಷಿಪಣಿ ಎಲ್ಲೋ ದೂರದಲ್ಲಿ ತಯಾರಾಗುತ್ತದೆ, ಅದನ್ನು ಹೊರುವ ಗಾಡಿ ಮಾತ್ರ ನಮ್ಮೂರಲ್ಲಿ.

ಪೇಂಟ್ ಶಾಪಿನ ಮೇಸ್ತ್ರಿ ಕುಪ್ಪುಸ್ವಾಮಿ. ಉರಿಗಾಂನಲ್ಲಿ ಚಿನ್ನದ ಗಣಿ ಕೂಲಿಗಳ ಲೈನು ಮನೆಯಲ್ಲಿ ಹುಟ್ಟಿ ಬೆಳೆದವನು. ಅವನ ಬಾಯಲ್ಲಿ ಕನ್ನಡವೂ ತಮಿಳೂ ಒಂದೇ ತಟ್ಟೆಯಲ್ಲಿ ಊಟ ಮಾಡುತ್ತಿದ್ದವು. ಮೊದಲ ದಿನವೇ ತಾತನನ್ನು ಗಾಡಿಯ ಮುಂದೆ ನಿಲ್ಲಿಸಿಕೊಂಡ.

"ಇಲ್ಲಿ ನೋಡಪ್ಪಾ ಕದಿರು. ಪೇಟೇಲಿ ನಿನ್ ಬೋರ್ಡು ಎಲ್ಲಾರೂ ನೋಡ್ಬೇಕು. ಇಲ್ಲಿ ಯಾರೂ ನೋಡ್ಬಾರ್ದು. ಹಸಿರು, ಕಂದು, ಮಣ್ಣು, ಮೂರು ಬಣ್ಣ. ಸೀಮೆಸುಣ್ಣದಲ್ಲಿ ಗುರುತು ಹಾಕಿದೀನಿ, ಅಷ್ಟಷ್ಟೇ ತುಂಬು. ದೂರದಿಂದ ನೋಡಿದ್ರೆ ಗಾಡಿ ಇರ್ಬಾರ್ದು."

"ಇಷ್ಟ್ ದೊಡ್ ಗಾಡಿ ಇಲ್ದಂಗೆ ಓಯ್ತದಾ ಕುಪ್ಪಣ್ಣ?"

"ವಿಮಾನ ನೋಡಿದೀಯಲ್ಲ? ಹೊಟ್ಟೆಗೆ ಆಕಾಶದ ಬಣ್ಣ, ಬೆನ್ನಿಗೆ ಭೂಮಿ ಬಣ್ಣ. ಹಡಗಿಗೆ ಸಮುದ್ರದ ಬಣ್ಣ. ಅದೇ ಥರ ಇದು."

"ನಾನು ನೋಡಿರೋ ಸಮುದ್ರ ಕಾಮಸಮುದ್ರ ಒಂದೇ ಅಣ್ಣಾ. ಅಲ್ಲಿ ಇರೋದು ಬಸ್ ಸ್ಟ್ಯಾಂಡು."

ಪೇಂಟ್ ಶಾಪೆಲ್ಲ ನಕ್ಕಿತು. ಆದರೆ ಆ ಮಾತು ತಾತನೊಳಗೆ ಎಲ್ಲೋ ಹೋಗಿ ಕೂತುಬಿಟ್ಟಿತು. ಅವನ ಹಳ್ಳಿ ಕಾಮಸಮುದ್ರದ ಪಕ್ಕದ್ದು. ಸಾಯಂಕಾಲದ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿದರೆ ನಿದ್ದೆ, ನಿದ್ದೆ ಬಂದರೆ ಅದೇ ಕನಸು. ರಸ್ತೆ ಮುಗಿಯುವ ಕಡೆ ರಾಗಿ ಹೊಲದ ಬದಲು ನೀರು. ಬೂದು ಬಣ್ಣದ ಹಡಗುಗಳು ಸದ್ದಿಲ್ಲದೆ ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ತಾತ ಮೊಣಕಾಲುದ್ದ ನೀರಿಗಿಳಿದು, ಬ್ರಷ್ಷನ್ನು ಸಮುದ್ರದಲ್ಲೇ ಅದ್ದಿ ಹಡಗಿಗೆ ಬಳಿಯುತ್ತಾನೆ. ಬಳಿದಷ್ಟು ಭಾಗ ಕರಗಿ ಆಚೆಯ ಅಲೆ ಕಾಣುತ್ತದೆ. ಮೇಲೆ ವಿಮಾನ ಬಂದು ನಿಂತರೆ, ಕೈ ಚಾಚಿ ಅದರ ಹೊಟ್ಟೆಗೆ ಒಂದಿಷ್ಟು ಆಕಾಶ ಒರೆಸುತ್ತಾನೆ. ಅದೂ ಹೋಯಿತು. ಕೊನೆಗೆ ನೀರು, ಬಾನು, ತಾತ, ಇಷ್ಟೇ. ಕಂಡಕ್ಟರ್ ಭುಜ ಅಲುಗಿಸುವವರೆಗೆ ಅವನು ಅಲ್ಲೇ ಇರುತ್ತಿದ್ದ.

ಗಾಡಿಗೆ ಪಟ್ಟೆ ಬಳಿಯುವ ವಾರ ಕುಪ್ಪುಸ್ವಾಮಿ ತಂಗಿ ಮದುವೆಗೆಂದು ಜೋಲಾರ್‌ಪೇಟೆಗೆ ಹೋಗಿದ್ದ. ತಾತ ಒಬ್ಬನೇ ಹಸಿರು ತುಂಬಿದ, ಕಂದು ತುಂಬಿದ, ಮಣ್ಣಿನ ಬಣ್ಣ ತುಂಬಿದ. ಗಾಡಿ ಆಗಲೇ ಅರ್ಧ ಕಾಡಾಗಿತ್ತು. ಆಮೇಲೆ ಏನಾಯಿತೆಂದು ಅವನಿಗೇ ಸರಿಯಾಗಿ ತಿಳಿಯದು. ಸಣ್ಣ ಬ್ರಷ್ಷು ಕೈಗೆ ಬಂತು. ಮಣ್ಣಿನ ಬಣ್ಣಕ್ಕೆ ಬಿಳಿ ಸೇರಿಸಿ ತಿಳಿಯಾದ ಒಂದು ಬಣ್ಣ ಕಲೆಸಿದ. ಪ್ರತಿ ಪಟ್ಟೆಯ ಸುತ್ತ ದಾರದಷ್ಟು ತೆಳ್ಳಗೆ ಒಂದು ಗೆರೆ ಎಳೆದ. ಇಷ್ಟು ವರ್ಷ ಬೋರ್ಡು ಬರೆದ ಕೈ, ಅಂಚು ಕಟ್ಟದೆ ಕೆಲಸ ಮುಗಿಯಿತು ಅನ್ನಲು ಒಪ್ಪಲಿಲ್ಲ.

ವೆಲ್ಡಿಂಗ್ ಕಡೆಯ ಚೆನ್ನಕೇಶವ, ಹಾಸನದಿಂದ ಬಂದವನು, ಟೀ ಲೋಟ ಹಿಡಿದು ಬಾಯಿ ತೆರೆದು ನಿಂತ. "ಏನ್ ಕದಿರಪ್ನೋರೇ, ಮದುವಣಗಿತ್ತಿ ಇದ್ದಂಗಿದೆಯಲ್ರೀ!"

ತಾತ ಹಿಗ್ಗಿ ಹೀರೇಕಾಯಿಯಾದ. ಆ ಮಾತಿಗೆ ಹೆದರಬೇಕಿತ್ತು ಅಂತ ಅವನಿಗೆ ಹೊಳೆಯಲಿಲ್ಲ.

ಪರೀಕ್ಷೆ ನಡೆಯುವುದು ಊರಾಚೆಯ ಬಯಲಿನಲ್ಲಿ. ಜಾಲಿ ಗಿಡ, ಕುರುಚಲು, ಕೆಮ್ಮಣ್ಣು, ಹಿಂದೆ ಸೈನೈಡ್ ಹಾಕಿ ಚಿನ್ನ ತೆಗೆದು ಸುರಿದ ಗಣಿ ಮಣ್ಣಿನ ದಿಬ್ಬಗಳು. ಗಾಡಿಯನ್ನು ಅಲ್ಲೆಲ್ಲೋ ನಿಲ್ಲಿಸುತ್ತಾರೆ. ದೂರದ ದಿಣ್ಣೆಯ ಮೇಲೆ ನಿಂತು ಸೇನೆಯ ಅಧಿಕಾರಿ ಅದನ್ನು ಹುಡುಕಬೇಕು. ಉತ್ತರದ ಕಡೆಯ ಆ ಅಧಿಕಾರಿ ದುರ್ಬೀನು ಮುಟ್ಟಲೇ ಇಲ್ಲ. ಜೀಪಿನಿಂದ ಇಳಿಯುತ್ತ ಹಿಂದಿಯಲ್ಲಿ ಏನೋ ಕೇಳಿ ನಕ್ಕ.

ತಾತ ಮೆಲ್ಲಗೆ ಕೇಳಿದ, "ಏನಂದ್ರು ಕುಪ್ಪಣ್ಣ?"

ಮದುವೆ ಮುಗಿಸಿ ಆಗ ತಾನೇ ಬಂದಿದ್ದ ಕುಪ್ಪುಸ್ವಾಮಿಯ ಮುಖ ಬೆವರಿತ್ತು. "ಯಾವ ಸರ್ಕಸ್ ಕಂಪನಿ ಅಂತ ಕೇಳ್ತಾವ್ರೆ."

ಬಿಸಿಲಿಗೆ ಪ್ರತಿ ಗೆರೆಯೂ ಹೊಳೆಯುತ್ತಿತ್ತು. ಬಯಲೆಲ್ಲ ಮಂಕಾಗಿ ಮಲಗಿದ್ದರೆ ಗಾಡಿ ಒಂದೇ ಎದ್ದು ನಿಂತು ಕೂಗುತ್ತಿತ್ತು. ಅಧಿಕಾರಿ ಕೆಟ್ಟವನೇನಲ್ಲ. ಮತ್ತೆ ಬಳಿಯಿರಿ, ಮುಂದಿನ ವಾರ ಬರುತ್ತೇನೆ ಅಂದ. ಆಗಲೂ ಕಂಡರೆ ಬೇರೆ ಪೇಂಟರನ್ನು ನೋಡಿಕೊಳ್ಳಿ ಅಂತಲೂ ಅಂದ.

ಅವನ ಜೀಪು ಮರೆಯಾದ ಮೇಲೆ ಕುಪ್ಪುಸ್ವಾಮಿ ಟೋಪಿ ತೆಗೆದು ತೊಡೆಗೆ ಬಡಿದ. "ಅಯ್ಯೋ ಸಾಮಿ! ಬಾರ್ಡರ್ ಕಟ್ಟಿದೀಯಲ್ಲಪ್ಪಾ! ಇದೇನು ಗಾಡಿನಾ, ಕಂಚಿ ಸೀರೆನಾ?"

"ಕೈ ತಾನಾಗೇ ಓಯ್ತು ಕುಪ್ಪಣ್ಣ."

"ಕೈಗೆ ಹೇಳು, ಇನ್ನೊಂದ್ಸಲ ಹೋದ್ರೆ ಕೆಲ್ಸಾನೂ ಜೊತೇಲೇ ಹೋಗುತ್ತೆ ಅಂತ."

ತಾತ ಕೈಗೆ ಹೇಳಿದ, ಕೈ ಕೇಳಲಿಲ್ಲ. ಗೆರೆಗಳನ್ನೆಲ್ಲ ಥಿನ್ನರ್ ಹಾಕಿ ಅಳಿಸಿ ಮತ್ತೆ ಪಟ್ಟೆ ತುಂಬಿದ. ಹಿಂದೆ ಸರಿದು ನೋಡಿದರೆ ಬ್ರಷ್ಷಿನ ತುದಿ ಅಂಚಿಗೆ ಬಂದ ಕಡೆಯೆಲ್ಲ ತಾನೇ ಒಂದು ಸುತ್ತು ಹಾಕಿ, ಬಣ್ಣವನ್ನು ಏರಿ ಕಟ್ಟಿದ ಹಾಗೆ ನಿಲ್ಲಿಸಿತ್ತು. ಅಳಿಸಿದ. ಬಳಿದ. ಮತ್ತೆ ಅದೇ. ಎಡಗೈಯಲ್ಲಿ ಪ್ರಯತ್ನಿಸಿದ, ಎಡಗೈಗೂ ಬುದ್ಧಿ ಅದೇ. ಚೆನ್ನಕೇಶವ ಈಗ ಹೊಗಳುವುದನ್ನು ಬಿಟ್ಟು, "ಕಣ್ಣು ಮುಚ್ಕೊಂಡು ಬಳೀರಿ ಕದಿರಪ್ನೋರೇ," ಅಂದ. ತಾತ ಅದನ್ನೂ ಮಾಡಿ ನೋಡಿದ.

ಬಸ್ಸಿನ ಕನಸು ಕೂಡ ಕೆಟ್ಟಿತು. ಈಗ ಹಡಗಿಗೆ ಸಮುದ್ರ ಬಳಿಯುತ್ತಿದ್ದಂತೆ ಸುತ್ತ ಒಂದು ಹಳದಿ ಗೆರೆ ತಾನಾಗಿ ಮೂಡುತ್ತಿತ್ತು. ದೂರದಲ್ಲಿ ಯಾರೋ ನಗುತ್ತಿದ್ದರು.

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೊರಡಬೇಕು, ಅಂಗಳದಲ್ಲಿ ಮಂಗಮ್ಮ ಸಗಣಿ ಕದಡಿಕೊಂಡು ಸೊಂಟ ಹಿಡಿದು ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಬಗ್ಗಲು ಆಗುತ್ತಿರಲಿಲ್ಲ.

"ಏನ್ ನೋಡ್ತಾ ನಿಂತಿದ್ದೀಯಯ್ಯಾ? ಬಂದು ಸಾರ್ಸು."

"ನಾನಾ?"

"ಮತ್ತೆ? ಊರೋರ ಬೋರ್ಡೆಲ್ಲ ಬಳೀತೀಯ, ನಿನ್ ಅಂಗಳ ಬಳಿಯಾಕೆ ನೋವಾ?"

ತಾತ ಪಂಚೆ ಮೇಲೆ ಕಟ್ಟಿ ಕುಕ್ಕರಗಾಲಲ್ಲಿ ಕೂತ. ಪಕ್ಕದ ಮನೆಯ ಅಕ್ಕಯ್ಯಮ್ಮ ಗೋಡೆ ಮೇಲಿಂದ ಬಗ್ಗಿ ನೋಡಿ, "ಮಂಗೀ, ಒಳ್ಳೇ ಸೊಸೆ ತಂದ್ಕೊಂಡಿದ್ದೀಯ ಕಣೇ! ನಮ್ಮನೇಗೂ ಕಳ್ಸು," ಅಂದಳು.

"ಇವತ್ತು ಕಲೀಲಿ ಅಕ್ಕಾ. ನಾಳೆ ಕಳಿಸ್ತೀನಿ," ಅಂದಳು ಮಂಗಮ್ಮ.

ತಾತ ಅಂಗೈ ಅದ್ದಿ ನೆಲದ ಮೇಲೆ ಅರ್ಧ ಚಂದ್ರ ಬಿಡಿಸಿದ. ಅದರ ಪಕ್ಕ ಇನ್ನೊಂದು. ಅಭ್ಯಾಸದಂತೆ ಮೊದಲನೆಯದರ ಅಂಚಿಗೆ ಬೆರಳ ತುದಿಯಿಂದ ಗೆರೆ ತೀಡತೊಡಗಿದ.

"ಅದ್ಯಾಕೆ ಅಂಗೆ ತೀಡ್ತೀಯ? ಒಣಗಿದ್ಮೇಲೆ ಏರಿ ಏರಿ ಬತ್ತದೆ. ಒಂದರ ಮೇಲೆ ಇನ್ನೊಂದು ಅತ್ತುಸ್ಬೇಕು. ಎಲ್ಲಿ ನಿಂತಿತು, ಎಲ್ಲಿ ಶುರುವಾಯ್ತು ಅಂತ ನೆಲಕ್ಕೂ ಗೊತ್ತಾಗ್ಬಾರ್ದು. ಬೆರಳೆತ್ತು, ಅಂಗೈ ಇಡು."

ಅವನು ಅಂಗೈ ಇಟ್ಟ. ಒಂದು ಅಲೆ ಇನ್ನೊಂದರೊಳಗೆ ಹೋಗಿ ಮುಗಿಯಿತು. ಮತ್ತೊಂದು ಅದರೊಳಗೆ. ಕೈ ಮುಂದೆ ಹೋಗುತ್ತಲೇ ಇತ್ತು. ಅಂಗೈಗೆ ತುದಿ ಇರುವುದಿಲ್ಲ, ಗೆರೆ ಎಳೆಯಬೇಕೆಂದರೂ ಎಳೆಯಲಾಗುವುದಿಲ್ಲ. ಬೆಳಗಿನ ಎಳೆ ಬಿಸಿಲು ಹಸಿ ನೆಲದ ಮೇಲೆ ಬಿದ್ದು ಅಂಗಳ ನೀರಿನ ಹಾಗೆ ಮಿನುಗಿತು. ತಾತ ಬಾಗಿಲಿನಿಂದ ಬೇಲಿಯವರೆಗೆ ಸಾರಿಸಿದ. ಬೇಲಿ ದಾಟಿ ರಸ್ತೆಗೂ ಇಳಿಯುತ್ತಿದ್ದನೇನೋ.

"ಸಾಕು ಬಾರಯ್ಯಾ, ಬಸ್ಸು ಓಯ್ತದೆ!" ಎಂದು ಮಂಗಮ್ಮ ಕೂಗಿದಳು.

ಪೇಂಟ್ ಶಾಪಿನಲ್ಲಿ ಅವತ್ತು ತಾತ ಬ್ರಷ್ಷುಗಳನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿದ. ಹಳೇ ಬನಿಯನ್ ಬಟ್ಟೆಯನ್ನು ಅಂಗೈಗೆ ಸುತ್ತಿಕೊಂಡ. ಹಸಿರು ಹಸಿಯಾಗಿರುವಾಗಲೇ ಕಂದನ್ನು ತಂದು ಅದರ ಮೇಲೆ ಹತ್ತಿಸಿದ. ಕಂದು ಮುಗಿಯುವ ಮುಂಚೆ ಮಣ್ಣನ್ನು ಸೇರಿಸಿದ. ಭುಜದಿಂದ ಭುಜದವರೆಗೆ ಅರ್ಧ ಚಂದ್ರ, ಅದರ ಮೇಲೆ ಇನ್ನೊಂದು ಅರ್ಧ ಚಂದ್ರ.

ಕುಪ್ಪುಸ್ವಾಮಿ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತ. "ಎನ್ನಪ್ಪಾ, ಸಾಣಿ ಮೆಳುಗುರಿಯಾ?" ಸಗಣಿ ಸಾರಿಸುತ್ತಿದ್ದೀಯಾ ಅಂತ ತಮಾಷೆಗೆ ಕೇಳಿದ್ದು.

"ಊ ಅಣ್ಣಾ, ಅದೇ," ಅಂದ ತಾತ ತಿರುಗಿಯೂ ನೋಡದೆ.

ಕುಪ್ಪುಸ್ವಾಮಿ ಬಗ್ಗಿ ಅಂಚು ಹುಡುಕಿದ, ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ತಾನೂ ಒಂದು ಬಟ್ಟೆ ತುಂಡು ಹುಡುಕಿಕೊಂಡು ಬಂದು ಗಾಡಿಯ ಆಚೆ ಪಕ್ಕಕ್ಕೆ ಕೂತ.

ಎರಡನೇ ಪರೀಕ್ಷೆಯ ದಿನ ತಾತನೂ ದಿಣ್ಣೆ ಹತ್ತಿದ. ಮಂಗಮ್ಮನಿಗೆ ದಿನ ತುಂಬುತ್ತ ಬಂದಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಬಯಲು ತೂಕಡಿಸುತ್ತಿತ್ತು. ಅಧಿಕಾರಿ ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದ. ದುರ್ಬೀನು ಏರಿಸಿದ, ಇಳಿಸಿದ, ಮತ್ತೆ ಏರಿಸಿದ. ತಾತನೂ ನೋಡಿದ. ಜಾಲಿ ಇತ್ತು, ಕೆಮ್ಮಣ್ಣಿತ್ತು, ದಿಬ್ಬದ ಬೂದು ನೆರಳಿತ್ತು. ಗಾಡಿ ಎಲ್ಲಿ ನಿಂತಿದೆ ಅಂತ ಅವನಿಗೂ ಯಾರೂ ಹೇಳಿರಲಿಲ್ಲ. ತನ್ನ ಕೈ ಮುಟ್ಟಿದ ವಸ್ತುವನ್ನು ತಾನೇ ಹುಡುಕುತ್ತ, ಸಿಗದಿರಲಿ ದೇವರೇ ಅಂತ ಬೇಡಿಕೊಳ್ಳುತ್ತ ನಿಂತಿದ್ದ. ಆಕಾಶದಲ್ಲಿ ಎಲ್ಲೋ ವಿಮಾನದ ಸದ್ದು ಬಂತು. ತಲೆಯೆತ್ತಿದರೆ ಬರೀ ನೀಲಿ. ಒಂದು ಕ್ಷಣ ಬಸ್ಸಿನ ಕನಸಿನೊಳಗೇ ನಿಂತಿದ್ದೇನೆ ಅನ್ನಿಸಿತಂತೆ ಅವನಿಗೆ.

ಆಗ ಒಂದು ಮೇಕೆ ಹಿಂಡು ಬಯಲಿಗೆ ಬಂತು. ಬಿಳಿ ಮೇಕೆ, ಕಪ್ಪು ಮೇಕೆ, ಮರಿಗಳು. ತಮ್ಮ ಪಾಡಿಗೆ ಮೇಯುತ್ತ ಸಾಗಿದವು. ಮುಂದಿನದು ಬಯಲ ನಡುವೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅದರ ಹಿಂದಿನದೂ ಇಲ್ಲವಾಯಿತು. ಒಂದೊಂದಾಗಿ ಇಡೀ ಹಿಂಡು ಬಿಸಿಲೊಳಗೆ ಕರಗಿತು. ಆಮೇಲೆ ಅಷ್ಟು ದೂರ ಆಚೆ, ಏನೂ ಇಲ್ಲದ ಕಡೆಯಿಂದ, ಮೊದಲ ಮೇಕೆ ಮೂತಿ ಆಡಿಸುತ್ತ ಹೊರಗೆ ಬಂತು.

ಅಧಿಕಾರಿ ದುರ್ಬೀನು ಇಳಿಸಿ ಹಿಂದಿಯಲ್ಲಿ ಒಂದೇ ಮಾತು ಹೇಳಿದ. ತಾತ ಕುಪ್ಪುಸ್ವಾಮಿಯ ಮುಖ ನೋಡಿದ.

"ಮೇಕೆ ಗಾಡಿ ಹಿಂದೆ ಹೋಗ್ದೆ ಇದ್ದಿದ್ರೆ ಸಿಕ್ತಾನೇ ಇರ್ಲಿಲ್ಲ ಅಂತಾವ್ರೆ," ಅಂದ ಕುಪ್ಪುಸ್ವಾಮಿ. ಅವನ ಕಣ್ಣು ಒದ್ದೆಯಾಗಿತ್ತು. ದಿಬ್ಬದ ಧೂಳು ಅಂತ ಒರೆಸಿಕೊಂಡ.

ಸಾಯಂಕಾಲ ಬಸ್ಸು ಇಳಿದವನನ್ನು ಮಂಗಮ್ಮ ಬಾಗಿಲಲ್ಲೇ ಹಿಡಿದಳು. "ಕಾಣಿಸ್ತಾ?"

"ಇಲ್ಲ ಕಣೇ."

"ನಿಂಗೂ?"

"ನಂಗೂ ಇಲ್ಲ."

"ಅಂಗಾದ್ರೆ ಪಾಸು ಅನ್ನು!" ಅಂದಳು. ಹೊಟ್ಟೆ ಹಿಡಿದುಕೊಂಡು ಅವಳು ನಕ್ಕ ನಗು ಅಕ್ಕಯ್ಯಮ್ಮನ ಅಂಗಳಕ್ಕೆ ಕೇಳಿಸಿತು.

ನಮ್ಮಮ್ಮ ಕಾರ್ಖಾನೆಯ ಆಸ್ಪತ್ರೆಯಲ್ಲಿ ಹುಟ್ಟಿದಳು. ಡಾಕ್ಟರಮ್ಮ ಪಕ್ಕದಲ್ಲೇ ಇದ್ದಳು. ತಾತ ಆಮೇಲೆ ಅದೇ ಪೇಂಟ್ ಶಾಪಿನಲ್ಲಿ ನಿವೃತ್ತಿಯವರೆಗೆ ಗಾಡಿಗಳನ್ನು ಮಾಯ ಮಾಡುತ್ತಲೇ ಇದ್ದ. ಪೇಟೆಯ ಅವನ ಬೋರ್ಡುಗಳು ಮಾಸಿ, ಆ ಜಾಗಕ್ಕೆ ಬೇರೆಯವರ ಅಕ್ಷರ ಬಂತು. ಅದಕ್ಕೆ ಅವನು ಬೇಜಾರು ಮಾಡಿಕೊಂಡದ್ದನ್ನು ಯಾರೂ ನೋಡಿಲ್ಲ.

ತೊಂಬತ್ತರ ದಶಕದ ಶುರುವಿನಲ್ಲಿ ಒಂದು ಜನವರಿ ಇಪ್ಪತ್ತಾರು. ಅಕ್ಕಯ್ಯಮ್ಮನ ಮನೆಗೆ ಬಣ್ಣದ ಟಿವಿ ಬಂದಿತ್ತು, ದೆಹಲಿಯ ಮೆರವಣಿಗೆ ನೋಡಲು ಕೇರಿಯೆಲ್ಲ ಅಲ್ಲೇ ನೆರೆದಿತ್ತು. ನಮ್ಮಮ್ಮ ತಾತನ ತೊಡೆಯ ಮೇಲೆ. ಟ್ಯಾಂಕು ಹೋಯಿತು, ತೋಪು ಹೋಯಿತು. ಅದರ ಹಿಂದೆ ಎಂಟು ಚಕ್ರದ ಗಾಡಿ, ಬೆನ್ನ ಮೇಲೆ ಕ್ಷಿಪಣಿ.

"ಅಗೋ ನಿಮ್ದು! ಎಷ್ಟು ಚೆನ್ನಾಗಿ ಕಾಣ್ತೈತೆ!" ಅಂದಳು ಅಕ್ಕಯ್ಯಮ್ಮ.

ತಾತ ತಟ್ಟನೆ ಅವಳ ಕಡೆ ತಿರುಗಿದ. "ಕಾಣ್ತೈತಾ?"

"ಕಾಣ್ದೆ ಏನು, ಆನೆ ಇದ್ದಂಗೈತೆ!"

ತಾತ ಮಗುವನ್ನು ಮಂಗಮ್ಮನಿಗೆ ಕೊಟ್ಟು ಎದ್ದು ಟಿವಿಯ ಹತ್ತಿರ ಹೋದ. "ಅಲ್ಲಿ ಜಾಲಿ ಗಿಡಾನೇ ಇಲ್ಲ ಕಣಕ್ಕಾ. ಬರೀ ಟಾರು ರೋಡು. ಟಾರಿನ ಮೇಲೆ ನಾನೇನ್ ಮಾಡ್ಲಿ?" ಮೂಗು ಗಾಜಿಗೆ ತಾಗುವಷ್ಟು ಬಗ್ಗಿದ. "ಮಂಗೀ, ನಿನ್ ಕಣ್ಣು ಚುರುಕು. ಅಂಚು ಕಾಣ್ತೈತಾ ನೋಡು."

ಮಂಗಮ್ಮ ಮಗುವನ್ನು ಸೊಂಟಕ್ಕೇರಿಸಿ ಬಂದು, ಕಣ್ಣು ಕಿರಿದು ಮಾಡಿ ನೋಡಿದಳು. ಹಸಿರು ಎಲ್ಲಿ ನಿಂತು ಕಂದು ಎಲ್ಲಿ ಶುರುವಾಯಿತೋ ಅವಳಿಗೂ ತಿಳಿಯಲಿಲ್ಲ.

"ಇಲ್ಲ," ಅಂದಳು. "ನಿಂಗೆ ಕಾಣ್ತೈತಾ?"

ತಾತ ಉತ್ತರ ಕೊಡುವಷ್ಟರಲ್ಲಿ ಗಾಡಿ ಟಿವಿಯ ಅಂಚು ದಾಟಿ ಹೋಗಿತ್ತು. ಅದರ ಹಿಂದೆ ಒಂಟೆಗಳು ಬಂದವು, ಹಳದಿ ಅಂಚಿನ ಜೂಲು ಹೊದ್ದು, ಬ್ಯಾಂಡಿನ ಸಮೇತ, ನಿಧಾನವಾಗಿ.