ಗುರುತಿಲ್ಲದವಳ ಕೈಗೆ ಕೋಟು

ಗುಂಡಿ ತೂರಿಸುವ ತೂತಿನ ಅಂಚನ್ನು ನೂಲಿನಿಂದ ಗಟ್ಟಿಮಾಡುವುದಕ್ಕೆ ದರ್ಜಿಗಳು ಕಾಜಾ ಎನ್ನುತ್ತಾರೆ. ಆ ಕೆಲಸದಲ್ಲಿ ಎತ್ತಿದ ಕೈ ಎನಿಸಿಕೊಂಡವಳನ್ನು ಬೀದಿಯವರೆಲ್ಲ ಕಾಜಾ ಅಕ್ಕ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಮನೆಯ ಮುಂದಿನ ಕೋಣೆಯನ್ನೇ ಅಂಗಡಿ ಮಾಡಿಕೊಂಡು ಒಬ್ಬನೇ ಮಗನನ್ನು ಸಾಕಿದ್ದಳು. ಗಿರಾಕಿಯ ಬಟ್ಟೆಯನ್ನು ಹೊಸಬರು ಮುಟ್ಟಿದರೆ ಕೆಂಡವಾಗುತ್ತಿದ್ದಳು.

ಐವತ್ತು ದಾಟಿದ ಮೇಲೆ ಅವಳಿಗೆ ಮಿದುಳುಜ್ವರ ಬಂತು. ಆಸ್ಪತ್ರೆಯಿಂದ ಮರಳಿದಾಗ ಹಳೆಯದೆಲ್ಲ ನೆನಪಿತ್ತು, ಕಸುಬೂ ಕೈಬಿಟ್ಟಿರಲಿಲ್ಲ. ಹೊಸದು ಮಾತ್ರ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಮಲಗಿ ಎದ್ದರೆ ನಿನ್ನೆಯೆಂಬುದೇ ಇಲ್ಲ. ಮಗನ ಮದುವೆಯಾದದ್ದು ಅದರ ಮರುವರ್ಷ. ಹೀಗಾಗಿ ಸೊಸೆ ಪ್ರತಿ ಬೆಳಿಗ್ಗೆಯೂ ಹೊಸಬಳೇ.

“ಯಾರಮ್ಮಾ ನೀನು?”

“ನಿಮ್ಮ ಸೊಸೆ, ಅತ್ತೆ.”

“ಹೌದಾ! ನಮ್ಮ ಸೋಮಾರಿಗೂ ಒಬ್ಳು ಸಿಕ್ಕಳಾ? ಪಾಪ ಕಣೇ ನೀನು!”

ಮೊದಮೊದಲು ಸೊಸೆ ನಕ್ಕಳು. ದಿನವೂ ಅದೇ ಮಾತು ಕೇಳಿ ಕೇಳಿ ಒಂದು ದಿನ ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತಳು. “ಎಷ್ಟು ಮಾಡಿದ್ರೂ ನಾನು ಇವ್ರಿಗೆ ಯಾರೂ ಅಲ್ಲ,” ಎಂದು ಗಂಡನ ಮುಂದೆ ಹೇಳಿಕೊಂಡಳು.

ಸುಮ್ಮನೆ ಕೂರಲಾರದೆ ಅವಳು ಅತ್ತೆಯ ಪಕ್ಕದಲ್ಲೇ ಕೂತು ಕಾಜಾ ಕಲಿಯತೊಡಗಿದಳು. ಅತ್ತೆ ಒಂದು ಚಿಂದಿ ಎಸೆದು, “ಇದ್ರಲ್ಲಿ ಹೊಲಿ. ಕೆಟ್ರೂ ನೆಲ ಒರೆಸ್ಬಹುದು,” ಎಂದಳು. ಮರುದಿನವೂ ಅದೇ ಪ್ರಶ್ನೆ, ಅದೇ ಚಿಂದಿ. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದುಕೊಂಡರೂ ಸೊಸೆ ಬಿಡಲಿಲ್ಲ.

ಹೀಗೆ ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ “ಯಾರಮ್ಮಾ ನೀನು?” ಎಲ್ಲ ಮುಗಿದ ಮೇಲೆ ಅತ್ತೆ ಚಿಂದಿಯ ಕಡೆ ಕೈಚಾಚಲಿಲ್ಲ. ಮೊಳೆಗೆ ತೂಗುಹಾಕಿದ್ದ ಗಿರಾಕಿಯ ಉಣ್ಣೆ ಕೋಟನ್ನು ತೆಗೆದು ಸೊಸೆಯ ಮಡಿಲಿಗೆ ಹಾಕಿದಳು.

“ಮೇಲಿನ ಕಾಜಾ ನೀನು ಹೊಲಿ. ನಂಗೆ ಕಣ್ಣು ಮಂಜು.”

ಕೆಲಸಕ್ಕೆ ಹೊರಟಿದ್ದ ಮಗ ಹೊಸ್ತಿಲಲ್ಲೇ ನಿಂತ. “ಅಮ್ಮಾ, ಇವಳಿಗೆ ಕಾಜಾ ಬರತ್ತೆ ಅಂತ ನಿಂಗ್ಯಾರು ಹೇಳಿದ್ದು?”

ತಾಯಿ ಸೂಜಿ ಹಿಡಿದೇ ಯೋಚಿಸಿದಳು. “ಯಾರೂ ಹೇಳಿಲ್ಲಪ್ಪ. ಕೊಡ್ಬಹುದು ಅನ್ನಿಸ್ತು, ಕೊಟ್ಟೆ.”

ಸೊಸೆಯ ಮೊದಲ ಹೊಲಿಗೆ ವಕ್ರವಾಯಿತು. ಬಿಚ್ಚಿ ಮತ್ತೆ ಹಾಕಿದಳು. ಆದರೂ ಒಳಗೊಂದು ಅನುಮಾನ: ಕಾಯಿಲೆಯಿಂದ ಅತ್ತೆಯ ಜಾಗ್ರತೆಯೇ ಹೋಗಿದ್ದರೆ? ಯಾರು ಕೂತರೂ ಹೀಗೇ ಕೊಟ್ಟುಬಿಡುವರೇನೋ?

ಸ್ವಲ್ಪ ದಿನಕ್ಕೆ ಅವಳು ತವರಿಗೆ ಹೋದಳು. ಮಗ ತಾಯಿಯನ್ನು ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿದ. ಅವಳೂ ಹೊಲಿಗೆ ಬಲ್ಲವಳೇ.

“ಅವರಿಗೆ ಕೋಟು ಕೊಟ್ರಾ?” ಎಂದು ಸೊಸೆ ಫೋನಿನಲ್ಲಿ ಗಂಡನನ್ನು ಕೇಳಿದಳು.

“ಎಲ್ಲಿ? ಚಿಂದಿ ಕೊಟ್ಟು ಕೂರಿಸಿದಾಳೆ. ಆಗಾಗ ಬಾಗಿಲು ನೋಡ್ತಾ, ‘ಯಾರೋ ಬರ್ಬೇಕಿತ್ತಲ್ಲ’ ಅಂತಾಳೆ. ಯಾರು ಅಂದ್ರೆ ಗೊತ್ತಿಲ್ಲ.”

ಉಳಿಯಬೇಕಿದ್ದ ದಿನಗಳನ್ನು ಬಿಟ್ಟು ಸೊಸೆ ಮರುದಿನವೇ ಬಸ್ಸು ಹತ್ತಿದಳು. ಒಳಗೆ ಕಾಲಿಟ್ಟಾಗ ಅತ್ತೆ ಕನ್ನಡಕದ ಮೇಲಿಂದ ನೋಡಿ, “ಯಾರಮ್ಮಾ ನೀನು?” ಎಂದಳು. ಉತ್ತರಕ್ಕೆ ಕಾಯದೆ ಬೆಂಚಿನ ಮೇಲಿದ್ದ ಬಟ್ಟೆಗಳನ್ನು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು.

ಆಮೇಲೆ ಸೊಸೆ ಆ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಈಗ ಅಂಗಡಿಯ ಕಾಜಾ ಪೂರ್ತಿ ಅವಳದೇ. ಅತ್ತೆ ಪಕ್ಕದಲ್ಲಿ ಕೂತು, ಮುಗಿದದ್ದನ್ನು ಬೆರಳಲ್ಲಿ ಸವರಿ ನೋಡುತ್ತಾಳೆ; ದಾರ ಸಡಿಲವಾಗಿದ್ದರೆ ಹೆತ್ತ ಮಗಳಿಗೆ ಬೈದ ಹಾಗೆ ಬೈಯುತ್ತಾಳೆ.